ವಾಚಿನ ಚೈನ್ ಪಿನ್ನು ಜಪ್ಪಯ್ಯ ಅಂದರೂ ಬರುತ್ತಿಲ್ಲವೇ? ಟೂಲ್ ಕೊಳ್ಳುವ ಮೊದಲು ದೋಷ ಹುಡುಕಿ

ಹೊಸ ವಾಚು ಕೈಗೆ ಬಂದಿದೆ. ಸ್ಟೀಲ್ ಚೈನು ಸಡಿಲ. ಕೈ ಎತ್ತಿದರೆ ಡಯಲು ಕೆಳಗೆ, ಲಾಕು ಮೇಲೆ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಇದು ತೀರಾ ಮಾಮೂಲು. ಗಲ್ಫ್‌ನಿಂದ ರಜೆಗೆ ಬಂದ ಅಣ್ಣನೋ ಭಾವನೋ ಪ್ರೀತಿಯಿಂದ ವಾಚು ತಂದುಕೊಡುತ್ತಾರೆ. ನಮ್ಮ ಕೈಯ ಅಳತೆ ನೋಡಿ ತರುವುದಕ್ಕೆ ಆಗುವುದಿಲ್ಲವಲ್ಲ.

ಆಮೇಲೆ ನಡೆಯುವುದೂ ಹೆಚ್ಚುಕಮ್ಮಿ ಒಂದೇ ರೀತಿ. ಚೈನಿನ ಕೊಂಡಿಗಳನ್ನು, ಅಂದರೆ ಒಂದೊಂದು ತುಂಡನ್ನು, ಜೋಡಿಸಿರುವ ಪಿನ್ನು ತೆಗೆದು ಚೈನು ಗಿಡ್ಡ ಮಾಡಲು ಆನ್‌ಲೈನಿನಲ್ಲಿ ಒಂದು ಕಿಟ್ ತರಿಸುತ್ತೇವೆ. ಮೊದಲ ಪಿನ್ನಿಗೇ ಟೂಲಿನ ತುದಿ ಬಾಗುತ್ತದೆ. ಟೂಲು ಕಳಪೆ ಅಂತ ಬೈದು ಇನ್ನೂ ದುಬಾರಿಯದ್ದು ತರಿಸುತ್ತೇವೆ. ಅದರ ತುದಿಯೂ ಬಾಗುತ್ತದೆ.

ಟೂಲು ಕಳಪೆ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚಿನ ಸಲ ತಪ್ಪಿರುವುದು ಬೇರೆ ಕಡೆ. ಚೈನಿನಲ್ಲಿ ಇರುವುದು ಯಾವ ಜಾತಿಯ ಪಿನ್ನು, ಅದು ಯಾಕೆ ಬಿಡುತ್ತಿಲ್ಲ ಅಂತ ನೋಡದೆ ಟೂಲು ಆರಿಸಿರುತ್ತೇವೆ. ಹಾಗಾಗಿ ಇಲ್ಲಿ ಮೊದಲು ಲಕ್ಷಣ, ಆಮೇಲೆ ಕಾರಣ, ಕೊನೆಗೆ ಟೂಲು.

ಕೊಂಡಿ ತೆಗೆಯಲೇಬೇಕಾ?

ಮೊದಲು ಲಾಕನ್ನು ನೋಡಿ. ತುಂಬ ಚೈನುಗಳಲ್ಲಿ ಲಾಕಿನ ಪಕ್ಕದ ಅಂಚಿನಲ್ಲಿ ಸಾಲಾಗಿ ಮೂರೋ ನಾಲ್ಕೋ ಸಣ್ಣ ತೂತು ಇರುತ್ತವೆ. ಒಂದು ಸ್ಪ್ರಿಂಗ್ ಪಿನ್ನು ಅವುಗಳಲ್ಲಿ ಒಂದರಲ್ಲಿ ಕೂತಿರುತ್ತದೆ. ಅದನ್ನು ಪಕ್ಕದ ತೂತಿಗೆ ಸರಿಸಿದರೆ ಸಾಮಾನ್ಯವಾಗಿ 2ರಿಂದ 3 ಮಿ.ಮೀ. ವ್ಯತ್ಯಾಸ ಬರುತ್ತದೆ. ಒಂದು ಪೂರ್ತಿ ಕೊಂಡಿ ತೆಗೆದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬಿಗಿಯಾಗುತ್ತದೆ. ಸಡಿಲ ಇರುವುದು ಸ್ವಲ್ಪವೇ ಆದರೆ ಕೊಂಡಿಗೆ ಕೈ ಹಾಕುವುದೇ ಬೇಡ.

ಅಳತೆ ನೋಡುವುದು ಸಂಜೆ. ನಮ್ಮ ಸೆಕೆಗೆ ಮಣಿಕಟ್ಟು ಹೊತ್ತು ಏರಿದ ಹಾಗೆ ಊದುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಚೈನು ಮಧ್ಯಾಹ್ನ ಬಸ್ಸಿನಲ್ಲಿ ನಿಂತಿರುವಾಗ ಚರ್ಮಕ್ಕೆ ಒತ್ತಲು ಶುರುಮಾಡುತ್ತದೆ. ಸಂಜೆ ಹೊತ್ತು ಚೈನಿನ ಅಡಿಗೆ ಕಿರುಬೆರಳು ಸಲೀಸಾಗಿ ಹೋದರೆ ಅಳತೆ ಸರಿ ಇದೆ.

ಈ ಕೆಲಸಕ್ಕೆ ಬೇಕಾದದ್ದು ಸ್ಪ್ರಿಂಗ್ ಬಾರ್ ಟೂಲ್ ಒಂದೇ. ಒಂದು ಕಡೆ ಸೂಜಿಯಂಥ ತುದಿ, ಇನ್ನೊಂದು ಕಡೆ ಕವಲು ತುದಿ. ಲಾಕಿನ ತೂತಿಗೆ ಹೊರಗಿನಿಂದ ಸೂಜಿ ತುದಿ ಹಾಕಿ ಒತ್ತಿ, ಚೈನನ್ನು ಸ್ವಲ್ಪ ಓರೆ ಮಾಡಿ, ಸರಿಸಿ. ಕವಲು ತುದಿ ಬೇಕಾಗುವುದು ಚೈನನ್ನು ವಾಚಿನಿಂದಲೇ ಬಿಡಿಸುವಾಗ. ಸ್ಪ್ರಿಂಗ್ ಪಿನ್ನು ಚಿಮ್ಮಿದರೆ ಮತ್ತೆ ಸಿಗುವುದು ಕಷ್ಟ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟು ಕೆಲಸ ಮಾಡಿ. ಚಿಮ್ಮಿದ್ದು ಚೀಲದಲ್ಲೇ ಉಳಿಯುತ್ತದೆ.

ಕ್ಯಾಸಿಯೋ ಎ158 ನಮೂನೆಯ ಹಗುರ ಡಿಜಿಟಲ್ ವಾಚುಗಳಿಗೆ ಇದೂ ಬೇಡ. ಅದರ ಲಾಕೇ ಚೈನಿನ ಮೇಲೆ ಜಾರುತ್ತದೆ. ಹಿಡಿದಿಟ್ಟಿರುವ ಪುಟ್ಟ ರೆಕ್ಕೆಯನ್ನು ಚಪ್ಪಟೆ ಸ್ಕ್ರೂ ಡ್ರೈವರಿನಿಂದ ಎತ್ತಿ, ಲಾಕನ್ನು ಸರಿಸಿ, ಮತ್ತೆ ಒತ್ತಿದರೆ ಮುಗಿಯಿತು.

ಚೈನನ್ನು ಪಕ್ಕದಿಂದ ನೋಡಿ

ಕೊಂಡಿ ತೆಗೆಯಲೇಬೇಕು ಅಂತಾದರೆ ಒಂದು ಭೂತಕನ್ನಡಿ ಹಿಡಿದು ಚೈನಿನ ಅಂಚನ್ನು ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೂ ನಡೆಯುತ್ತದೆ. ಎರಡೂ ಅಂಚು ನೋಡಬೇಕು. ಅರ್ಧ ಎಡವಟ್ಟು ಆಗುವುದು ಒಂದೇ ಅಂಚು ನೋಡಿ ತೀರ್ಮಾನ ಮಾಡುವುದರಿಂದ.

ಯಾಕೆ ಅಂದರೆ, ಒಂದು ಅಂಚಿನಲ್ಲಿ ಸಣ್ಣ ಗೀಟು ಕಾಣುತ್ತದೆ. ಸ್ಕ್ರೂ ಅಂದುಕೊಂಡು ಸ್ಕ್ರೂ ಡ್ರೈವರ್ ಹಾಕಿ ತಿರುಗಿಸುತ್ತೀರಿ. ಅದು ತಿರುಗುವುದಿಲ್ಲ, ತಿರುಗಿದರೂ ಸುಮ್ನೆ ಗರಗರ ತಿರುಗುತ್ತದೆ. ಅದು ಸ್ಕ್ರೂ ಅಲ್ಲವೇ ಅಲ್ಲ. ಸೀಳು ಪಿನ್ನಿನ ತುದಿ. ಒಂದು ತಂತಿಯನ್ನು ಮಡಚಿದ ಹಾಗಿರುವ ಪಿನ್ನು ಅದು, ಹಾಗಾಗಿ ಎರಡು ಕಾಲುಗಳ ನಡುವಿನ ಸಂದು ಗೀಟಿನಂತೆ ಕಾಣುತ್ತದೆ.

ವ್ಯತ್ಯಾಸ ಹೀಗೆ ತಿಳಿಯುತ್ತದೆ. ಸ್ಕ್ರೂ ಆದರೆ ಅದಕ್ಕೊಂದು ತಲೆ ಇರುತ್ತದೆ. ತಲೆ ಕೂರುವುದಕ್ಕೆ ಕೊಂಡಿಯಲ್ಲಿ ಅಗಲದ ಗುಂಡಿ ಕೊರೆದಿರುತ್ತಾರೆ. ಗೀಟು ತಲೆಯ ಈ ಅಂಚಿನಿಂದ ಆ ಅಂಚಿನವರೆಗೆ ನೇರವಾಗಿ, ಚೂಪಾಗಿ ಇರುತ್ತದೆ. ಸೀಳು ಪಿನ್ನಾದರೆ ತಲೆ ಇಲ್ಲ, ಎರಡು ಅರ್ಧಚಂದ್ರ ಪಕ್ಕಪಕ್ಕ ಕೂತ ಹಾಗೆ ಕಾಣುತ್ತದೆ. ಈಗ ಚೈನನ್ನು ತಿರುವಿ ಒಳಮೈ ನೋಡಿ. ಕೊಂಡಿಗಳ ಮೇಲೆ ಸಣ್ಣ ಬಾಣದ ಗುರುತು ಇದ್ದರೆ ಅದು ತಳ್ಳುವ ಪಿನ್ನು.

ಎರಡೂ ಅಂಚಿನಲ್ಲಿ ಬರೀ ನುಣುಪಾದ ಚುಕ್ಕೆ ಕಂಡರೆ ಅದು ಗಟ್ಟಿ ಪಿನ್ನು. ಅದರ ಜೊತೆ ಒಳಗೆ ಪುಟ್ಟ ಕೊಳವೆ ಇರುವ ಸಾಧ್ಯತೆ ಉಂಟು. ಸೀಕೋ ಚೈನುಗಳಲ್ಲಿ ಇದು ಸಾಮಾನ್ಯ. ಕಾಲರ್ ಅನ್ನುವ ಈ ಕೊಳವೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ತುಂಬ ಜನ ಸೋಲುವುದು ಅಲ್ಲಿ.

ಕೀ ಕೊಡುವ ಕಾಲದ ಹಳೆ ವಾಚುಗಳ ತಗಡು ಚೈನುಗಳಲ್ಲಿ ಪಿನ್ನೇ ಇಲ್ಲದಿರಬಹುದು. ಮಡಚಿದ ತಗಡಿನ ನಾಲಿಗೆಗಳೇ ಕೊಂಡಿಗಳನ್ನು ಹಿಡಿದಿರುತ್ತವೆ. ಅಂಥದ್ದಕ್ಕೆ ತೆಳು ಬ್ಲೇಡ್ ಸಾಕು. ಆದರೆ ನಾಲಿಗೆಯನ್ನು ಎರಡು ಮೂರು ಸಲ ಎತ್ತಿ ಮಡಚಿದರೆ ಮುರಿಯುತ್ತದೆ. ರಬ್ಬರಿನಂತೆ ಹಿಗ್ಗುವ ಸ್ಪ್ರಿಂಗ್ ಚೈನನ್ನು ಮನೆಯಲ್ಲಿ ಬಿಚ್ಚುವುದು ಬೇಡ ಅಂತಲೇ ನನ್ನ ಸಲಹೆ.

ಪಿನ್ನು ಅಲ್ಲಾಡುವುದೇ ಇಲ್ಲ

ಕರಾವಳಿಯಲ್ಲಿ ಇದೇ ಮುಖ್ಯ ದೂರು. ಬೇರೆ ಊರಿನವರು ಹೇಳುವ ಪರಿಹಾರ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ವರ್ಷಕ್ಕೆ 3500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಜಾಗ ನಮ್ಮದು. ಮಳೆ ಇಲ್ಲದಾಗ ಬೆವರು. ಜೊತೆಗೆ ಕಡಲ ಗಾಳಿಯ ಉಪ್ಪು. ಪಿನ್ನಿಗೂ ಕೊಂಡಿಗೂ ನಡುವಿನ ಕೂದಲೆಳೆಯ ಸಂದಿಗೆ ಉಪ್ಪು ನೀರು ಹೋದರೆ ಬೇಗ ಒಣಗುವುದಿಲ್ಲ. ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪದರ. ಆ ಪದರ ಹಾಳಾದಾಗ ತನ್ನನ್ನು ತಾನೇ ಸರಿಮಾಡಿಕೊಳ್ಳಲು ಆಮ್ಲಜನಕ ಬೇಕು. ಇಕ್ಕಟ್ಟಿನ ಸಂದಿಯೊಳಗೆ ಅದು ಸಿಗುವುದಿಲ್ಲ. ಹಾಗಾಗಿ ಹೊರಗೆ ಫಳಫಳ ಹೊಳೆಯುವ ಚೈನಿನ ಒಳಗೆ ಪಿನ್ನು ಮಾತ್ರ ತುಕ್ಕು ಹಿಡಿದಿರುತ್ತದೆ. ಕೊಂಡಿ 316ಎಲ್ ಸ್ಟೀಲಿನದ್ದೇ ಆಗಿರಬಹುದು. ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪನ್ನು 304 ಸ್ಟೀಲಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಅಗ್ಗದ ಚೈನಿನಲ್ಲಿ ಪಿನ್ನು ಬೇರೆಯೇ ಲೋಹದ್ದಾಗಿರಬಹುದು.

ಕಾಪುವಿನ ನಮ್ಮ ಭಾವನ ವಾಚಿನಲ್ಲಿ ಆದದ್ದು ಇದೇ. "ಎಂಥ ಪಿನ್ನು ಮಾರಾಯ ಇದು, ಹಂದುದೇ ಇಲ್ಲ. ನೀನೊಂದು ಒಳ್ಳೆ ಟೂಲ್ ತರಿಸು" ಅಂದರು. "ಟೂಲ್ ಆಮೇಲೆ ಭಾವ, ಮೊದಲು ಒಂದು ಲೋಟ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಕೊಡಿ" ಅಂದೆ. ಚೈನನ್ನು ವಾಚಿನಿಂದ ಬಿಡಿಸಿ ಸೋಪು ನೀರಿನಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಕೊಂಡಿಯ ಸಂದುಗಳನ್ನು ಉಜ್ಜಿದೆವು. ನೀರು ಬೂದಿ ಬಣ್ಣಕ್ಕೆ ತಿರುಗಿತು. ಒರೆಸಿದ ಮೇಲೆ ಪಿನ್ನಿನ ಎರಡೂ ತುದಿಗೆ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಎಣ್ಣೆ ಒಂದೊಂದು ಹನಿ ಬಿಟ್ಟು ರಾತ್ರಿ ಹಾಗೇ ಇಟ್ಟೆವು. ಬೆಳಿಗ್ಗೆ ಮೊದಲ ಪೆಟ್ಟಿಗೆ ಪಿನ್ನು ಅಲುಗಲಿಲ್ಲ. ಎರಡನೆಯದಕ್ಕೆ ಟಕ್ ಅಂತ ಸದ್ದು ಬಂತು. ಆಚೆ ಅಂಚಿನಲ್ಲಿ ಪಿನ್ನಿನ ತಲೆ ಅಕ್ಕಿಕಾಳಿನ ಮೊನೆಯಷ್ಟು ಇಣುಕಿತು. ಚಿಮುಟದಲ್ಲಿ ಹಿಡಿದು ಎಳೆದರೆ ಪಿನ್ನಿನ ನಡುಭಾಗಕ್ಕೆ ಕಂದು ಬಣ್ಣದ ಗಸಿ ಮೆತ್ತಿಕೊಂಡಿತ್ತು. ಎರಡು ತುದಿ ಮಾತ್ರ ಬೆಳ್ಳಗೆ. ಇಷ್ಟು ದಿನ ಹಿಡಿದಿಟ್ಟದ್ದು ಆ ಗಸಿ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಚೈನನ್ನು ವಾಚಿನಿಂದ ಬಿಡಿಸಿ. ಎಣ್ಣೆ ವಾಚಿನ ರಬ್ಬರ್ ವಾಷರಿಗೆ ತಾಗಬಾರದು, ಸುತ್ತಿಗೆಯ ಪೆಟ್ಟು ಮೆಕ್ಯಾನಿಕಲ್ ವಾಚಿನ ಯಂತ್ರಕ್ಕೆ ತಾಗಬಾರದು. ಆಮೇಲೆ ತೊಳೆಯಿರಿ, ಒಣಗಿಸಿ, ಎಣ್ಣೆ ಬಿಡಿ, ಕಾಯಿರಿ. ಆಮೇಲೆ ದಿಕ್ಕು ನೋಡಿ. ಬಾಣ ಯಾವ ಕಡೆಗೆ ತೋರಿಸುತ್ತದೋ ಆ ಕಡೆಗೆ ಪಿನ್ನು ಹೊರಗೆ ಹೋಗಬೇಕು. ಉಲ್ಟಾ ತಳ್ಳಿದರೆ ಸೀಳು ಪಿನ್ನು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಇಷ್ಟೂ ಆದ ಮೇಲೆ ಟೂಲಿನ ಮಾತು.

ಟೂಲಿನ ತುದಿ ಬಾಗಿತು, ಮುರಿಯಿತು

ಆನ್‌ಲೈನ್ ಕಿಟ್ಟಿನಲ್ಲಿ ಬರುವ ನೀಲಿ ಪ್ಲಾಸ್ಟಿಕ್ಕಿನ ಸ್ಕ್ರೂ ಪ್ರೆಸ್ ಎಲ್ಲರಿಗೂ ಗೊತ್ತು. ಹಿಡಿ ತಿರುಗಿಸಿದರೆ ಸೂಜಿ ಮುಂದೆ ಹೋಗಿ ಪಿನ್ನನ್ನು ತಳ್ಳುತ್ತದೆ. ಪಿನ್ನು ಸಲೀಸಾಗಿದ್ದರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸದ್ದಿಲ್ಲ, ಪೆಟ್ಟಿಲ್ಲ. ಆದರೆ ಸಿಕ್ಕಿಕೊಂಡ ಪಿನ್ನಿಗೆ ಅತಿ ಹೆಚ್ಚು ಬಲ ಬೇಕಾಗುವುದು ಮೊದಲ ಅರ್ಧ ಮಿಲಿಮೀಟರಿಗೆ. ಪ್ರೆಸ್ಸಿನ ಸೂಜಿ ಉದ್ದ, ತೆಳು. ಅದು ಚೂರೇ ಓರೆಯಾದರೂ ಬಲವೆಲ್ಲ ಅಡ್ಡಕ್ಕೆ ಹೋಗಿ ಬಾಗುತ್ತದೆ.

ಬಾಗಿದ ತುದಿಯನ್ನು ಎಸೆಯುವ ಮೊದಲು ನೋಡಿ, ಕಾರಣ ಅದರಲ್ಲೇ ಇರುತ್ತದೆ. ಬುಡದಲ್ಲಿ ಬಾಗಿದ್ದರೆ ಸೂಜಿ ಪಿನ್ನಿಗೆ ನೇರವಾಗಿರಲಿಲ್ಲ. ಚೈನು ಕೂರುವ ತೊಟ್ಟಿಲಿನ ಎತ್ತರ ಸರಿಮಾಡಿ, ಬೇಕಾದರೆ ಅಡಿಗೆ ರಟ್ಟಿನ ತುಂಡು ಇಡಿ. ತುದಿ ಅಣಬೆಯಂತೆ ಚಪ್ಪಟೆಯಾಗಿದ್ದರೆ ದಿಕ್ಕು ಸರಿ ಇತ್ತು, ಪಿನ್ನೇ ಬಿಡಲಿಲ್ಲ. ಮತ್ತೆ ನೆನೆಸಿ. ಕಟಕ್ ಅಂತ ಮುರಿದಿದ್ದರೆ ಸೂಜಿ ಗಡುಸೇ ಇತ್ತು, ಓರೆ ಬಲ ಬಿದ್ದಿದೆ.

ಗಟ್ಟಿಯಾಗಿ ಕೂತ ಪಿನ್ನಿಗೆ ನನ್ನ ಆಯ್ಕೆ ಪಂಚು (ಪಿನ್ನಿನ ಮೇಲಿಟ್ಟು ಹೊಡೆಯುವ ಸಣ್ಣ ಕಡ್ಡಿ) ಮತ್ತು ಸುತ್ತಿಗೆ. ಒತ್ತಡಕ್ಕೆ ಬಗ್ಗದ್ದು ಸಣ್ಣ, ಚುರುಕು ಪೆಟ್ಟಿಗೆ ಬಿಡುತ್ತದೆ. ಒಂದು ತುದಿಗೆ ಹಿತ್ತಾಳೆ, ಇನ್ನೊಂದಕ್ಕೆ ನೈಲಾನ್ ಇರುವ ಸಣ್ಣ ಸುತ್ತಿಗೆ ಸಾಕು. ಮೊಳೆ ಹೊಡೆಯುವ ಸುತ್ತಿಗೆ ಬೇಡ. ಚೈನನ್ನು ನಿಲ್ಲಿಸಲು ಸೀಳು ಸೀಳಾಗಿರುವ ನೈಲಾನ್ ಕಟ್ಟೆ ಬೇಕು. ಪಿನ್ನು ಹೊರಗೆ ಬರುವ ಕಡೆ ಕೆಳಗೆ ಖಾಲಿ ಜಾಗ ಇರಲಿ. ಕಟ್ಟೆಗೇ ತಾಗಿದರೆ ಎಷ್ಟು ಹೊಡೆದರೂ ಪಿನ್ನು ಬರುವುದಿಲ್ಲ. ಇದು ಸಣ್ಣ ವಿಷಯ, ಆದರೆ ಇದನ್ನು ಗಮನಿಸದೆ ಸುತ್ತಿಗೆಯ ಬಲ ಜಾಸ್ತಿ ಮಾಡುವವರೇ ಹೆಚ್ಚು.

ಪಂಚಿನ ದಪ್ಪ ಪಿನ್ನಿಗಿಂತ ಒಂಚೂರು ಕಮ್ಮಿ ಇರಬೇಕು. 1.0 ಮಿ.ಮೀ. ಪಿನ್ನಿಗೆ 0.9 ಅಥವಾ 0.8ರ ಪಂಚು. ದಪ್ಪದ್ದು ಹಾಕಿದರೆ ತೂತಿನ ಬಾಯಿ ಅಗಲವಾಗಿ ಪಂಚೇ ಸಿಕ್ಕಿಕೊಳ್ಳುತ್ತದೆ. ತೀರಾ ತೆಳ್ಳಗಿನದ್ದು ಬೇಗ ಬಾಗುತ್ತದೆ. ಶುರುವಿಗೆ ಗಿಡ್ಡ ಪಂಚು, ಅದು ಬಾಗುವುದಿಲ್ಲ. ಪಿನ್ನು ಸಡಿಲಾದ ಮೇಲೆ ಉದ್ದದ್ದು.

ಕಿಟ್ಟಿನಲ್ಲಿ ಎಷ್ಟು ಐಟಂ ಇದೆ ಅಂತ ಎಣಿಸಬೇಡಿ. ಬದಲಿ ತುದಿಗಳು ಬಿಡಿಯಾಗಿ ಸಿಗುತ್ತವಾ ಅಂತ ನೋಡಿ. ಸ್ವಿಸ್ ಕಂಪನಿ ಬರ್ಜನ್‌ನ ಸ್ಪ್ರಿಂಗ್ ಬಾರ್ ಟೂಲಿಗೆ ಒಳ್ಳೆಯ ಹೆಸರು ಇರುವುದಕ್ಕೆ ಅದೂ ಒಂದು ಕಾರಣ. ತುದಿ ಸವೆದರೆ ತುದಿ ಮಾತ್ರ ಬದಲಿಸಬಹುದು.

ಸ್ಕ್ರೂ ತಿರುಗುತ್ತಿಲ್ಲ

ನಿಜವಾಗಿಯೂ ಸ್ಕ್ರೂ ಅಂತ ಖಾತ್ರಿಯಾದರೆ ಬ್ಲೇಡಿನ ಅಗಲ ಗೀಟಿನ ಉದ್ದಕ್ಕೆ ಸರಿಸಮ ಇರಬೇಕು. 1.2, 1.4, 1.6 ಮಿ.ಮೀ. ಬ್ಲೇಡುಗಳಲ್ಲಿ ಸಾಮಾನ್ಯವಾಗಿ ಒಂದು ಹೊಂದುತ್ತದೆ. ದಪ್ಪವೂ ಮುಖ್ಯ. ಗೀಟಿನೊಳಗೆ ಬ್ಲೇಡು ಅಲುಗಾಡಿದರೆ ಗೀಟಿನ ಅಂಚು ಕಿತ್ತುಬರುತ್ತದೆ, ಆಮೇಲೆ ಅಂಗಡಿಯವರಿಗೂ ಕಷ್ಟ.

ಬ್ಲೇಡು ಸರಿ ಕೂತೂ ತಿರುಗದಿದ್ದರೆ ಅಂಟು ಹಾಕಿರುವ ಸಾಧ್ಯತೆ ಜಾಸ್ತಿ. ಸ್ಕ್ರೂ ತಾನಾಗಿ ಬಿಚ್ಚದಿರಲಿ ಅಂತ ಎಳೆಗಳಿಗೆ ಅಂಟು ಹಚ್ಚಿರುತ್ತಾರೆ. ಅದು ಬಿಸಿಗೆ ಮೆತ್ತಗಾಗುತ್ತದೆ. ಚೈನು ವಾಚಿನಿಂದ ಬೇರೆ ಇರುವಾಗ ಹೇರ್ ಡ್ರೈಯರಿನ ಬಿಸಿ ಗಾಳಿ ಹಿಡಿಯಿರಿ ಅಥವಾ ಬಿಸಿನೀರಿನಲ್ಲಿಡಿ, ಬಿಸಿ ಇರುವಾಗಲೇ ತಿರುಗಿಸಿ. ಮೇಲಿನಿಂದ ಒತ್ತುವ ಬಲ ಜಾಸ್ತಿ ಇರಲಿ, ತಿರುಗಿಸುವ ಬಲ ನಿಧಾನಕ್ಕೆ ಬರಲಿ.

ಒಂದು ಕಡೆ ತಿರುಗಿಸಿದರೆ ಇನ್ನೊಂದು ಅಂಚಿನ ಗೀಟೂ ಜೊತೆಗೆ ತಿರುಗುತ್ತಿದೆಯಾ? ಹಾಗಾದರೆ ಎರಡೂ ಕಡೆ ಸ್ಕ್ರೂ ಇರುವ ನಮೂನೆ ಅದು. ಎರಡು ಸ್ಕ್ರೂ ಡ್ರೈವರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಚೈನು ಕಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲದಿದ್ದರೆ ಇದಕ್ಕೆ ಎರಡು ಕೈ ಸಾಲದು. ಮತ್ತೆ ಹಾಕುವಾಗ ಲಾಕ್‌ಟೈಟ್ 222 ಅನ್ನುವ ಅಂಟು ಒಂದು ಪುಟ್ಟ ಹನಿ ಸಾಕು, ನೇರಳೆ ಬಣ್ಣದ್ದು. ಕೆಂಪು ಬಣ್ಣದ ಗಟ್ಟಿ ಅಂಟು ಹಾಕಲೇಬೇಡಿ.

ಹಾಕಿದ ಪಿನ್ನು ಮತ್ತೆ ಹೊರಗೆ ಬರುತ್ತಿದೆ

ಈಗ ಕಾಲರಿನ ವಿಷಯ. ಪಿನ್ನು ಹೊರಗೆ ಬರುವಾಗ ಅದರ ಜೊತೆ ಸಾಸಿವೆಗಿಂತ ತುಸು ದೊಡ್ಡ ಕೊಳವೆಯೊಂದು ಕೊಂಡಿಯಿಂದ ಉದುರಿರುತ್ತದೆ. ಯಾರೂ ನೋಡಿರುವುದಿಲ್ಲ. ಗಟ್ಟಿ ಪಿನ್ನನ್ನು ಬಿಗಿಯಾಗಿ ಹಿಡಿಯುವುದು ಆ ಕೊಳವೆ ಮಾತ್ರ. ಅದಿಲ್ಲದೆ ಪಿನ್ನು ಹಾಕಿದರೆ ನೋಡಲು ಎಲ್ಲ ಸರಿ. ಎರಡು ದಿನ ಬಿಟ್ಟು ಬಸ್ಸಿನ ಕಂಬಿ ಹಿಡಿದಾಗ ವಾಚು ಕಳಚಿ ಬೀಳುತ್ತದೆ.

ಪರೀಕ್ಷೆ ಸುಲಭ. ಬೆರಳಿನಿಂದಲೇ ಪಿನ್ನು ಈ ಕಡೆಯಿಂದ ಆ ಕಡೆಗೆ ಜಾರಿಹೋದರೆ ಕಾಲರ್ ಇಲ್ಲ. ಕೊನೆಯ ಒಂದೆರಡು ಮಿಲಿಮೀಟರಿಗೆ ಸುತ್ತಿಗೆಯ ಸಣ್ಣ ತಟ್ಟು ಬೇಕಾದರೆ ಸರಿ ಕೂತಿದೆ. ಇದಕ್ಕೇ ನಾನು ಬಿಳಿ ಬಟ್ಟಲಿನ ಮೇಲೆ ಕೆಲಸ ಮಾಡಿ ಅನ್ನುವುದು. ಬಿದ್ದದ್ದು ಕಾಣಬೇಕು. ತೆಗೆದ ಕೊಂಡಿ, ಪಿನ್ನು, ಕಾಲರ್ ಎಲ್ಲ ಒಂದೇ ಸಣ್ಣ ಡಬ್ಬಿಯಲ್ಲಿಡಿ.

ಸೀಳು ಪಿನ್ನು ಜಾರುತ್ತಿದ್ದರೆ ಕಾರಣ ಬೇರೆ. ಒಂದೋ ಉಲ್ಟಾ ಹಾಕಿದ್ದೀರಿ, ಇಲ್ಲವೇ ಸೀಳಿನ ಬಾಯಿ ಮುಚ್ಚಿಹೋಗಿದೆ. ತೆಗೆಯುವಾಗ ಬಾಣದ ದಿಕ್ಕು, ಹಾಕುವಾಗ ಬಾಣಕ್ಕೆ ಎದುರು. ಗಟ್ಟಿ ತುದಿ ಮೊದಲು ಒಳಗೆ, ಸೀಳು ತುದಿ ಕೊನೆಗೆ. ಬಾಯಿ ಮುಚ್ಚಿದ್ದರೆ ತೆಳು ಬ್ಲೇಡಿನಿಂದ ಕೂದಲೆಳೆಯಷ್ಟು ಅಗಲಿಸಿ. ತುಕ್ಕು ಹಿಡಿದ ಪಿನ್ನನ್ನು ಮಾತ್ರ ಮತ್ತೆ ಹಾಕಬೇಡಿ. ಹಳೆಯದರ ದಪ್ಪ, ಉದ್ದ ವರ್ನಿಯರಿನಲ್ಲಿ ಅಳೆದು ಹೊಸದು ತನ್ನಿ.

ಅಳತೆ ಸರಿಯಾಯಿತು, ಆದರೂ ಲಾಕು ಪಕ್ಕಕ್ಕೆ ಕೂರುತ್ತದೆ

ಕೊಂಡಿಗಳನ್ನೆಲ್ಲ ಒಂದೇ ಕಡೆಯಿಂದ ತೆಗೆದಿದ್ದೀರಿ. 12ರ ಕಡೆಯಿಂದ ಒಂದು, 6ರ ಕಡೆಯಿಂದ ಒಂದು ತೆಗೆಯಬೇಕು. ಬೆಸ ಸಂಖ್ಯೆ ಬಂದರೆ ಹೆಚ್ಚಿನ ಕೈಗಳಿಗೆ 6ರ ಕಡೆಯಿಂದ ಒಂದು ಜಾಸ್ತಿ ತೆಗೆದರೆ ಒಪ್ಪುತ್ತದೆ. ಕೆಲವು ಚೈನುಗಳಲ್ಲಿ ಲಾಕಿನ ಹತ್ತಿರ ಅರ್ಧ ಕೊಂಡಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊದಲು ಸರಿ ಇದ್ದ ಹಳೆ ಚೈನು ಈಗ ಸಡಿಲ ಆಗಿದೆ ಅಂತಾದರೆ ಅದನ್ನು ಅಂಚಿನ ಮೇಲೆ ಅಡ್ಡಕ್ಕೆ ಹಿಡಿದು ನೋಡಿ. ಬಿಲ್ಲಿನ ಹಾಗೆ ಜೋತುಬಿದ್ದರೆ ಪಿನ್ನು, ತೂತು ಎರಡೂ ಸವೆದಿವೆ. ಕೊಂಡಿ ತೆಗೆದರೆ ಇದಕ್ಕೆ ಪರಿಹಾರ ಆಗದು. ಹೊಸ ಪಿನ್ನು ಹಾಕಿದರೆ ಸ್ವಲ್ಪ ಸುಧಾರಿಸಬಹುದು, ಇಲ್ಲದಿದ್ದರೆ ಹೊಸ ಚೈನು. ಚರಂಡಿಯಂತೆ ಕೊಳೆ ತುಂಬಿದ ಚೈನು ಬೇಗ ಸವೆಯುತ್ತದೆ. ಪಣಂಬೂರಿನದೋ ಮಲ್ಪೆಯದೋ ಕಡಲತೀರಕ್ಕೆ ಹೋಗಿ ಬಂದ ದಿನ ವಾಚು ನೀರು ತಡೆಯುವಂಥದ್ದಾದರೆ ಚೈನನ್ನು ನಲ್ಲಿಯ ಸಿಹಿನೀರಿಗೆ ಹಿಡಿದು ಒರೆಸಿಬಿಡಿ.

ಏನು ಕೊಳ್ಳಬೇಕು, ಯಾವುದಕ್ಕೆ ಕೈ ಹಾಕಬಾರದು

ಪಿನ್ನಿನ ಚೈನಿಗೆ ಒಂದು ಸ್ಪ್ರಿಂಗ್ ಬಾರ್ ಟೂಲ್, 0.8 ಮತ್ತು 0.9 ಮಿ.ಮೀ. ಪಂಚು, ಸಣ್ಣ ಸುತ್ತಿಗೆ, ನೈಲಾನ್ ಕಟ್ಟೆ, ಚಿಮುಟ. ಸ್ಕ್ರೂ ಚೈನಿಗೆ ಪಂಚಿನ ಬದಲು ಹೊಂದುವ ಎರಡು ಸ್ಕ್ರೂ ಡ್ರೈವರ್. ಎರಡನ್ನೂ ಒಟ್ಟಿಗೆ ಕೊಳ್ಳುವ ಅಗತ್ಯ ಇಲ್ಲ. ಜೂನ್ ಬಂದರೆ ಪಂಚಿನ ತುದಿಗಳೂ ತುಕ್ಕು ಹಿಡಿಯುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಸೆರಾಮಿಕ್ ಕೊಂಡಿಗೆ ಸುತ್ತಿಗೆ ತಾಗಿಸಬೇಡಿ, ಒಡೆಯುತ್ತದೆ. ಚಿನ್ನದ ಲೇಪ ಇರುವ ಚೈನಿನಲ್ಲಿ ಒಂದು ಗೀರು ಬಿದ್ದರೂ ಒಳಗಿನ ಲೋಹ ಕಾಣುತ್ತದೆ. ಟೈಟಾನಿಯಂ ಚೈನಿನ ಸ್ಕ್ರೂ ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುವುದುಂಟು, ಬಲ ಹಾಕಿದರೆ ತುಂಡಾಗುತ್ತದೆ. ಇಂಥವನ್ನು ಮಂಗಳೂರಿನ ಹಂಪನಕಟ್ಟೆ ಕಡೆಯ ಅಥವಾ ನಿಮಗೆ ಹತ್ತಿರದ ವಾಚ್ ರಿಪೇರಿಯವರಿಗೆ ಕೊಡಿ. ಹೋಗುವಾಗ ತೆಗೆದ ಕೊಂಡಿ, ಪಿನ್ನುಗಳ ಡಬ್ಬಿಯನ್ನೂ ಒಯ್ಯಿರಿ. ಈಗಾಗಲೇ ಯಾವ ದಿಕ್ಕಿಗೆ ಹೊಡೆದಿದ್ದೀರಿ, ಯಾವ ಎಣ್ಣೆ ಬಿಟ್ಟಿದ್ದೀರಿ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಅವರು ಮತ್ತೆ ಮೊದಲಿನಿಂದ ಹುಡುಕುವ ಕೆಲಸ ತಪ್ಪುತ್ತದೆ.